ದುಬೈ ಸ್ಕೂಲಿನಿಂದ ಆಫರ್ ಬಂದಿದೆ, ಸಹಿ ಹಾಕುವ ಮುಂಚೆ ಏನೇನು ನೋಡಬೇಕು?

ಫಿಸಿಕ್ಸ್‌ಟೀಚರ್
ಎಲ್ಲರಿಗೂ ನಮಸ್ಕಾರ. ದುಬೈನ ಒಂದು ಖಾಸಗಿ ಸ್ಕೂಲಿನಲ್ಲಿ ಫಿಸಿಕ್ಸ್ ಟೀಚರ್ ಕೆಲಸಕ್ಕೆ ಆಯ್ಕೆಯಾಗಿದ್ದೇನೆ. ವಿಡಿಯೊ ಇಂಟರ್‌ವ್ಯೂ, ಡೆಮೊ ಕ್ಲಾಸ್ ಎಲ್ಲ ಮುಗಿಯಿತು. ನಿನ್ನೆ ಆಫರ್ ಲೆಟರ್ ಬಂತು. 48 ಗಂಟೆಯೊಳಗೆ ಸಹಿ ಮಾಡಿ ಕಳಿಸಿ, ಇಲ್ಲದಿದ್ದರೆ ಪಟ್ಟಿಯಲ್ಲಿರುವ ಮುಂದಿನವರಿಗೆ ಕೊಡುತ್ತೇವೆ ಅಂತ ಎಚ್‌ಆರ್ ಮೇಲ್ ಬೇರೆ.

ಲೆಟರಿನಲ್ಲಿ ಇರುವುದು ಇಷ್ಟು. ಎರಡು ವರ್ಷದ ಕಾಂಟ್ರಾಕ್ಟ್. ತಿಂಗಳಿಗೆ ಒಟ್ಟು 12,000 ದಿರ್ಹಮ್, ಅದರಲ್ಲಿ ಬೇಸಿಕ್ 5,000, ಉಳಿದದ್ದು ಮನೆ ಬಾಡಿಗೆ ಮತ್ತು ಓಡಾಟದ ಭತ್ಯೆ. 6 ತಿಂಗಳು ಪ್ರೊಬೇಷನ್. ವಿಮಾನ ಟಿಕೆಟ್ ಮತ್ತು ಇನ್ಶೂರೆನ್ಸ್ "ಶಾಲೆಯ ನಿಯಮದ ಪ್ರಕಾರ". ಎರಡು ವರ್ಷಕ್ಕೆ ಮುಂಚೆ ಬಿಟ್ಟರೆ ವೀಸಾ ಮತ್ತು ನೇಮಕಾತಿ ಖರ್ಚು ವಾಪಸ್ ಕಟ್ಟಬೇಕು.

ಮನೆಯವರು ಮತ್ತು 7 ವರ್ಷದ ಮಗಳನ್ನು ಆಮೇಲೆ ಕರೆಸಿಕೊಳ್ಳುವ ಯೋಚನೆ ಇದೆ. ವಿದೇಶದಲ್ಲಿ ಇದೇ ಮೊದಲ ಕೆಲಸ. ಸಂಬಳ ಪರವಾಗಿಲ್ಲ ಅನಿಸುತ್ತಿದೆ. ಬೇರೆ ಏನು ನೋಡಬೇಕು ಅಂತಲೇ ಗೊತ್ತಾಗುತ್ತಿಲ್ಲ.

ಕೊನೆಬೆಂಚು
ಅಭಿನಂದನೆಗಳು ಮೇಡಂ. 48 ಗಂಟೆ ಅನ್ನುವುದನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. "ಓದುತ್ತಿದ್ದೇನೆ, ಕೆಲವು ಪ್ರಶ್ನೆ ಇವೆ" ಅಂತ ಇವತ್ತೇ ಒಂದು ಮೇಲ್ ಹಾಕಿ. ಎರಡು ದಿನ ಜಾಸ್ತಿ ಸಿಕ್ಕೇ ಸಿಗುತ್ತದೆ.

ಗಣಿತಮೇಷ್ಟ್ರು
ಆ "ಶಾಲೆಯ ನಿಯಮದ ಪ್ರಕಾರ" ಅನ್ನುವ ಸಾಲೇ ಮೊದಲ ಅಪಾಯ. ನಿಯಮ ಎಲ್ಲಿದೆ? ನಿಮಗೆ ಕಳಿಸಿದ್ದಾರಾ? ಕಳಿಸದಿದ್ದರೆ ನೀವು ಓದದೇ ಇರುವ ಕಾಗದಕ್ಕೂ ಸಹಿ ಹಾಕುತ್ತಿದ್ದೀರಿ ಅಂತ ಅರ್ಥ. ಸ್ಟಾಫ್ ಹ್ಯಾಂಡ್‌ಬುಕ್ ಪಿಡಿಎಫ್ ಕೇಳಿ. ಅದರಲ್ಲಿ "ಆಗಾಗ ಬದಲಾಗಬಹುದು" ಅಂತ ಇದ್ದೇ ಇರುತ್ತದೆ. ಅದಕ್ಕೇ ಟಿಕೆಟ್ ಮತ್ತು ಇನ್ಶೂರೆನ್ಸ್ ವಿಷಯ ಕಾಂಟ್ರಾಕ್ಟಿನ ಒಳಗೇ ಬರಲಿ, ಹ್ಯಾಂಡ್‌ಬುಕ್ಕಿಗೆ ಬಿಡಬೇಡಿ.

ಟಿಕೆಟ್ ಅಂದರೆ ಏನು ಅಂತಲೂ ಕೇಳಿ. ವರ್ಷಕ್ಕೊಂದಾ, ಎರಡು ವರ್ಷಕ್ಕೊಂದಾ? ಅವರೇ ಬುಕ್ ಮಾಡುತ್ತಾರಾ, ದುಡ್ಡು ಕೊಡುತ್ತಾರಾ? ದುಡ್ಡಾದರೆ ಮಿತಿ ಎಷ್ಟು? ರಜೆ ಶುರುವಾಗುವ ವಾರ ಟಿಕೆಟ್ ಬೆಲೆ ಆಕಾಶಕ್ಕೆ ಏರಿರುತ್ತದೆ. ಆಗ ಅವರ ಮಿತಿ ಅರ್ಧಕ್ಕೂ ಸಾಲುವುದಿಲ್ಲ.

ಮರುಭೂಮಿಹಕ್ಕಿ
ನಿಮಗೆ ಬಂದಿರುವುದು ಯಾವ ಕಾಗದ? ಸ್ಕೂಲಿನ ಲೆಟರ್‌ಹೆಡ್ಡಿನಲ್ಲಿರುವ ಪತ್ರವಾ, ಇಲ್ಲಾ ಯುಎಇ ಕಾರ್ಮಿಕ ಸಚಿವಾಲಯದ ನಮೂನೆಯ ಆಫರಾ? ಇದು ಬಹಳ ಮುಖ್ಯ. ಮೊಹ್ರೆ ಅಂತ ಎಲ್ಲರೂ ಕರೆಯುವುದು ಆ ಸಚಿವಾಲಯವನ್ನೇ. ವಿವಾದ ಬಂದರೆ ಅಲ್ಲಿ ದಾಖಲಾಗಿರುವ ಕಾಗದವನ್ನೇ ಮೊದಲು ನೋಡುತ್ತಾರೆ. ಎರಡು ಭಾಷೆಯಲ್ಲಿ ಇರುತ್ತದೆ, ವ್ಯತ್ಯಾಸ ಬಂದರೆ ಅರಬ್ಬಿ ಪಠ್ಯಕ್ಕೇ ಬೆಲೆ. ಆಫರ್‌ನಲ್ಲಿ ಇದ್ದದ್ದಕ್ಕಿಂತ ಕಡಿಮೆಯನ್ನು ಆಮೇಲೆ ಕಾಂಟ್ರಾಕ್ಟ್‌ನಲ್ಲಿ ಹಾಕುವಂತಿಲ್ಲ.

ನನ್ನ ಸಹೋದ್ಯೋಗಿಯೊಬ್ಬರ ಸ್ಕೂಲ್ ಪತ್ರದಲ್ಲಿ ಒಂದು ಸಂಬಳ, ಸಚಿವಾಲಯದ ಕಾಗದದಲ್ಲಿ ಇನ್ನೊಂದು ಸಂಬಳ ಇತ್ತು. "ಅದು ಸುಮ್ನೆ ಫಾರ್ಮಾಲಿಟಿ" ಅಂದರಂತೆ. ಫಾರ್ಮಾಲಿಟಿ ಅಂತ ಹೇಳಿದ ಕಾಗದವೇ ಕೊನೆಗೆ ಲೆಕ್ಕಕ್ಕೆ ಬಂತು.

ಫಿಸಿಕ್ಸ್‌ಟೀಚರ್
ಸ್ಕೂಲಿನ ಲೆಟರ್‌ಹೆಡ್ಡಿನ ಪತ್ರ ಸರ್. ಸಚಿವಾಲಯದ್ದು ಇನ್ನೂ ಬಂದಿಲ್ಲ.

ಮರುಭೂಮಿಹಕ್ಕಿ
ಹಾಗಾದರೆ ಅದು ಬರುವವರೆಗೂ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಲೇಬೇಡಿ.

ಚಾಕ್‌ಪೀಸ್
ಬೇಸಿಕ್ 5,000 ಅಂದಿರಲ್ಲ, ಅಲ್ಲೇ ನಿಮ್ಮ ದುಡ್ಡು ಸೋರುವುದು. ಅಲ್ಲಿ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು) ಲೆಕ್ಕ ಹಾಕುವುದು ಬೇಸಿಕ್ ಮೇಲೆ, ಒಟ್ಟು ಸಂಬಳದ ಮೇಲೆ ಅಲ್ಲ. ಮೊದಲ 5 ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. ನಿಮ್ಮ ಲೆಕ್ಕದಲ್ಲಿ 5,000 ಭಾಗಿಸು 30, ಗುಣಿಸು 21, ಅಂದರೆ ವರ್ಷಕ್ಕೆ 3,500 ದಿರ್ಹಮ್. ಅದೇ 12,000ದಲ್ಲಿ ಬೇಸಿಕ್ 9,000 ಮಾಡಿದ್ದರೆ ವರ್ಷಕ್ಕೆ 6,300. ಕೈಗೆ ಬರುವ ತಿಂಗಳ ಸಂಬಳ ಎರಡರಲ್ಲೂ ಒಂದೇ. 5 ವರ್ಷ ಇದ್ದರೆ ವ್ಯತ್ಯಾಸ 14,000.

ನೀಲಿಶಾಯಿ
ಆದರೆ ನಾವೇ ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ ಮೂರನೇ ಒಂದು ಭಾಗ ಅಷ್ಟೇ ಅಲ್ವಾ? ಎರಡೇ ವರ್ಷಕ್ಕೆ ಇಷ್ಟೆಲ್ಲ ಲೆಕ್ಕ ಯಾಕೆ?

ಚಾಕ್‌ಪೀಸ್
ಅದು ಹಳೇ ಕಾನೂನು. 2021ರ 33ನೇ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಗೆ ಬಂತು. ಆ ಕಡಿತ ಹೋಯಿತು. ಒಂದು ವರ್ಷ ಪೂರ್ತಿ ಮಾಡಿರಬೇಕು, ಅಷ್ಟೇ. ಇಂಟರ್‌ನೆಟ್‌ನಲ್ಲಿ ಹಳೇ ಲೇಖನಗಳು ಇನ್ನೂ ಓಡಾಡುತ್ತಿವೆ. ಓದುವಾಗ ದಿನಾಂಕ ನೋಡಿ ಮಾರಾಯ್ರೇ.

ನೀಲಿಶಾಯಿ
ಸರಿ ಸರಿ, ಒಪ್ಪಿದೆ.

ಸ್ಟಾಫ್‌ರೂಮ್
ಒಂದು ವರ್ಷ ಅಂದಾಗ ನೆನಪಾಯಿತು. ಕೊರಿಯಾದಲ್ಲೂ ಕೆಲಸ ಬಿಡುವಾಗ ವರ್ಷಕ್ಕೆ ಒಂದು ತಿಂಗಳ ಸಂಬಳ ಕೊಡಬೇಕು, ಅದಕ್ಕೂ ಒಂದು ವರ್ಷ ಆಗಿರಬೇಕು. ಅದಕ್ಕೆ ಕೆಲವು ಟ್ಯೂಷನ್ ಅಕಾಡೆಮಿಗಳು 11 ತಿಂಗಳ ಕಾಂಟ್ರಾಕ್ಟ್ ಕೊಡುತ್ತವೆ. ಶುರುವಿನ ತಾರೀಖು, ಮುಗಿಯುವ ತಾರೀಖು ಎರಡನ್ನೂ ಬೆರಳಿಟ್ಟು ಎಣಿಸಿ.

ಫಿಸಿಕ್ಸ್‌ಟೀಚರ್ ಮೇಡಂ, ನಿಮ್ಮದರಲ್ಲೂ ಅದೇ ನೋಡಿ. ಎರಡು ವರ್ಷ ಅಂದರೆ 24 ತಿಂಗಳ ಸಂಬಳವಾ? ಆಗಸ್ಟ್ ಕೊನೆಯಲ್ಲಿ ಶುರುವಾಗಿ ಜೂನ್ ಕೊನೆಗೆ ಮುಗಿಯುವ ಕಾಂಟ್ರಾಕ್ಟ್ ಆದರೆ ಕೊನೇ ವರ್ಷದ ಜುಲೈ, ಆಗಸ್ಟ್ ಸಂಬಳ ಇಲ್ಲ. ಬೇಸಿಗೆ ರಜೆಯ ಸಂಬಳ ಯಾರಿಗೆ ಕೊಡುತ್ತಾರೆ, ಹೊಸಬರಿಗೆ ಮೊದಲ ವರ್ಷ ಕೊಡುತ್ತಾರಾ ಅಂತ ಬಿಡಿಸಿ ಕೇಳಿ.

ಪಕ್ಕದಮನೆ
ಇಷ್ಟೆಲ್ಲ ಕೇಳಿದರೆ ಆಫರೇ ಕೈತಪ್ಪಿ ಹೋಗುತ್ತದೆ. ಮೊದಲ ವಿದೇಶಿ ಕೆಲಸ, ಹೋಗಿ ಸೇರಿಕೊಳ್ಳಿ. ಒಂದು ವರ್ಷದ ಅನುಭವ ಸಿಕ್ಕಿದ ಮೇಲೆ ಒಳ್ಳೆ ಸ್ಕೂಲಿಗೆ ಹಾರಬಹುದು. ನಾವೆಲ್ಲ ಹಾಗೇ ಮಾಡಿದ್ದು.

ಗಣಿತಮೇಷ್ಟ್ರು
ಪ್ರಶ್ನೆ ಕೇಳಿದ್ದಕ್ಕೇ ಆಫರ್ ಕಿತ್ತುಕೊಳ್ಳುವ ಸ್ಕೂಲು ಸಂಬಳ ತಡವಾದಾಗ ನಿಮ್ಮ ಮಾತು ಕೇಳುತ್ತದಾ?

ಪಕ್ಕದಮನೆ
ಹೇಳುವುದು ಸುಲಭ ಮೇಷ್ಟ್ರೇ. ಒಂದು ಹುದ್ದೆಗೆ ಎಷ್ಟು ಜನ ಕಾಯುತ್ತಿರುತ್ತಾರೆ ಗೊತ್ತಾ?

ಎಚ್‌ಆರ್‌ಕುರ್ಚಿ
ಮಧ್ಯೆ ಬಾಯಿ ಹಾಕುತ್ತೇನೆ. ನಾನು ಟೀಚರ್ ಅಲ್ಲ, ಸ್ಕೂಲ್ ಎಚ್‌ಆರ್ ಕೆಲಸ ಮಾಡಿದವನು. ಸೆಪ್ಟೆಂಬರ್‌ಗೆ ಫಿಸಿಕ್ಸ್ ಟೀಚರ್ ಇಲ್ಲ ಅಂದರೆ ಪ್ರಿನ್ಸಿಪಾಲ್ ನಮ್ಮ ಜೀವ ತೆಗೆಯುತ್ತಾರೆ. ಇಬ್ಬರು ಇಂಟರ್‌ವ್ಯೂ ಮಾಡಿ, ಡೆಮೊ ನೋಡಿ, ರೆಫರೆನ್ಸ್‌ಗೆ ಫೋನ್ ಮಾಡಿದ ಮೇಲೆ ನಾಲ್ಕು ಪ್ರಶ್ನೆಗೆ ಯಾರೂ ಕ್ಯಾನ್ಸಲ್ ಮಾಡುವುದಿಲ್ಲ. ಆದರೆ ನಾಲ್ಕು ದಿನ ನಾಲ್ಕು ಮೇಲ್ ಹಾಕಬೇಡಿ. ಎಲ್ಲ ಒಂದೇ ಮೇಲ್‌ನಲ್ಲಿ, ನಂಬರ್ ಹಾಕಿ ಕಳಿಸಿ. ಫೋನಿನಲ್ಲಿ ಉತ್ತರ ಕೊಟ್ಟರೆ "ನೀವು ಹೀಗೆ ಹೇಳಿದಿರಿ, ಸರಿ ತಾನೇ" ಅಂತ ಅದನ್ನೇ ಮೇಲ್ ಮಾಡಿ. ಉತ್ತರ ಬರಲಿ ಬಿಡಲಿ, ಅದೊಂದು ದಾಖಲೆ.

ಇನ್ನೊಂದು ಮಾತು. ಸಂಬಳದ ಸ್ಕೇಲ್ ಬದಲಾಯಿಸುವ ಅಧಿಕಾರ ಎಚ್‌ಆರ್‌ಗೆ ಸಾಮಾನ್ಯವಾಗಿ ಇರುವುದಿಲ್ಲ. ಬೇಸಿಕ್ ಮತ್ತು ಭತ್ಯೆಯ ಹಂಚಿಕೆ, ಟಿಕೆಟ್ ಮಿತಿ, ಮಗುವಿನ ಫೀಸ್ ರಿಯಾಯಿತಿ, ಸೇರುವ ತಾರೀಖು, ಇವು ಅಲುಗಾಡುತ್ತವೆ. ಅಲುಗಾಡುವುದನ್ನೇ ಕೇಳಿ.

ಮೂರನೇಗಂಟೆ
ಎಲ್ಲರೂ ದುಡ್ಡಿನ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಕೇಳುವುದು, ವಾರಕ್ಕೆ ಎಷ್ಟು ಪೀರಿಯಡ್? ಒಂದು ಪೀರಿಯಡ್ ಎಷ್ಟು ನಿಮಿಷ?

ಕಾಂಟ್ರಾಕ್ಟ್‌ನಲ್ಲಿ "ಬೋಧನೆ ಮತ್ತು ಶಾಲೆ ವಹಿಸುವ ಇತರ ಕರ್ತವ್ಯಗಳು" ಅಂತ ಒಂದು ಸಾಲು ಇರುತ್ತದೆ. ಆ ಒಂದು ಸಾಲಿನೊಳಗೆ ಬಸ್ ಡ್ಯೂಟಿ, ಕವರ್ ಕ್ಲಾಸ್ (ರಜೆಯಲ್ಲಿರುವವರ ಕ್ಲಾಸ್ ನೋಡಿಕೊಳ್ಳುವುದು), ಕ್ಲಬ್, ಶನಿವಾರದ ಓಪನ್ ಡೇ, ರಾತ್ರಿ ಪೋಷಕರ ವಾಟ್ಸ್‌ಆ್ಯಪ್ ಎಲ್ಲ ಸೇರಿಕೊಳ್ಳುತ್ತವೆ. 40 ನಿಮಿಷದ 24 ಪೀರಿಯಡ್ ಅಂದರೆ 16 ಗಂಟೆ. 55 ನಿಮಿಷದ 24 ಪೀರಿಯಡ್ ಅಂದರೆ 22 ಗಂಟೆ. ಪೀರಿಯಡ್ ಎಣಿಕೆ ಒಂದೇ, ವಾರಕ್ಕೆ 6 ಗಂಟೆ ಜಾಸ್ತಿ. ಜೊತೆಗೆ ಫಿಸಿಕ್ಸ್ ಅಂದರೆ ಲ್ಯಾಬ್. ಲ್ಯಾಬ್ ಅಸಿಸ್ಟೆಂಟ್ ಇದ್ದಾರಾ? ಇಲ್ಲದಿದ್ದರೆ ಸರ್ಕ್ಯೂಟ್ ಬೋರ್ಡ್ ಜೋಡಿಸುವುದು, ಆಮೇಲೆ ಬಿಚ್ಚಿಡುವುದು ನಿಮ್ಮದೇ ಕೆಲಸ.

ಈಗ ಅದೇ ಹುದ್ದೆಯಲ್ಲಿ ಇರುವವರ ಟೈಮ್‌ಟೇಬಲ್ ಒಂದು ಪ್ರತಿ ಕಳಿಸಿ ಅಂತ ಕೇಳಿ. ಅದೊಂದು ಹಾಳೆ ಸಿಕ್ಕರೆ ಸ್ಕೂಲು ಹೇಗೆ ನಡೆಯುತ್ತದೆ ಅಂತ ಅರ್ಧ ಗೊತ್ತಾಗುತ್ತದೆ.

ಬೆಳಗಿನಬೆಲ್
+1. ಅವರು ಯಾಕೆ ಬಿಟ್ಟರು ಅಂತಲೂ ಕೇಳಿ.

ಕೊನೆಬೆಂಚು
ಯಾಕೆ ಬಿಟ್ಟರು ಅಂದರೆ ಎಲ್ಲ ಸ್ಕೂಲಿನಲ್ಲೂ ಒಂದೇ ಉತ್ತರ, "ವೈಯಕ್ತಿಕ ಕಾರಣ" 😄

ಮರುಭೂಮಿಹಕ್ಕಿ
ದುಬೈ ಆದ್ದರಿಂದ ಒಂದು ಅನುಕೂಲ ಇದೆ. ಅಲ್ಲಿನ ಖಾಸಗಿ ಶಾಲೆಗಳ ತಪಾಸಣೆ ವರದಿಗಳನ್ನು ಕೆಎಚ್‌ಡಿಎ (ಆ ಶಾಲೆಗಳನ್ನು ನೋಡಿಕೊಳ್ಳುವ ದುಬೈ ಸರ್ಕಾರದ ಸಂಸ್ಥೆ) ಸಾರ್ವಜನಿಕವಾಗಿ ಹಾಕುತ್ತದೆ. ಎಲ್ಲರೂ ರೇಟಿಂಗ್ ನೋಡಿ ಮುಚ್ಚಿಬಿಡುತ್ತಾರೆ. ಹಾಗೆ ಮಾಡಬೇಡಿ. ವರದಿಯ ಶುರುವಿನಲ್ಲೇ ಸ್ಕೂಲಿನ ಮಾಹಿತಿ ಇರುವ ಕಡೆ ಟೀಚರ್‌ಗಳ ಸಂಖ್ಯೆ, ಒಬ್ಬ ಟೀಚರ್‌ಗೆ ಎಷ್ಟು ಮಕ್ಕಳು, ವರ್ಷಕ್ಕೆ ಶೇಕಡಾ ಎಷ್ಟು ಟೀಚರ್‌ಗಳು ಬಿಟ್ಟು ಹೋಗುತ್ತಾರೆ ಅಂತ ಕೊಟ್ಟಿರುತ್ತಾರೆ. ಆ ಕೊನೇ ಅಂಕಿ ನೋಡಿ. ಎರಡು ಮೂರು ವರ್ಷದ ವರದಿ ಪಕ್ಕಪಕ್ಕ ಇಟ್ಟು ನೋಡಿದರೆ ಇನ್ನೂ ಒಳ್ಳೆಯದು. ಪ್ರಿನ್ಸಿಪಾಲ್ ಪದೇ ಪದೇ ಬದಲಾಗಿದ್ದರೆ ಅದೂ ತಿಳಿಯುತ್ತದೆ.

ಸ್ಟಾಫ್‌ರೂಮ್
ಬೇರೆ ದೇಶಕ್ಕೆ ಹೋಗುವವರಿಗೂ ದಾರಿ ಇದೆ. ಬ್ರಿಟನ್‌ನಲ್ಲಿ ವರ್ಕರ್ ವೀಸಾ ಸ್ಪಾನ್ಸರ್ ಮಾಡುವ ಲೈಸೆನ್ಸ್ ಇರುವವರ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಸ್ಕೂಲು ವೀಸಾ ಕೊಡಿಸುತ್ತೇನೆ ಅಂದರೆ ಅಲ್ಲಿಗೇ ಮಾತು ಮುಗಿಯಿತು. "ಐಬಿ ಸ್ಕೂಲ್" (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್ ಪಠ್ಯಕ್ರಮದ ಸ್ಕೂಲ್) ಅಂತ ಹೇಳಿಕೊಳ್ಳುವವರ ಹೆಸರನ್ನು ಐಬಿ ಸಂಸ್ಥೆಯ ಜಾಲತಾಣದಲ್ಲೇ ಹುಡುಕಬಹುದು.

ನೀಲಿಶಾಯಿ
ಏಜೆಂಟರ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಗೊತ್ತಿರುವ ಒಬ್ಬರಿಗೆ ಏಜೆಂಟ್ ಮೊದಲ ತಿಂಗಳ ಸಂಬಳ ಕೇಳಿದ್ದಾನೆ. ಅದೂ ಯುಎಇಗೇ. ಇದೆಲ್ಲ ಮಾಮೂಲಾ?

ಚಾಕ್‌ಪೀಸ್
ಮಾಮೂಲು ಇರಬಹುದು, ಕಾನೂನಲ್ಲ. ನೇಮಕಾತಿಯ ಖರ್ಚನ್ನು ನೇರವಾಗಿಯಾಗಲಿ ಬಳಸು ದಾರಿಯಲ್ಲಾಗಲಿ ಕೆಲಸಗಾರರಿಂದ ವಸೂಲಿ ಮಾಡಬಾರದು ಅಂತ ಅದೇ ಯುಎಇ ಕಾನೂನಿನಲ್ಲಿ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಡಂಬಡಿಕೆಯೂ ಖಾಸಗಿ ಏಜೆನ್ಸಿಗಳು ಕೆಲಸಗಾರರ ಹತ್ತಿರ ಫೀಸ್ ತೆಗೆದುಕೊಳ್ಳಬಾರದು ಅಂತಲೇ ಹೇಳುತ್ತದೆ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ಅದು ಬೇರೆ ಮಾತು.

ಫಿಸಿಕ್ಸ್‌ಟೀಚರ್
ಹಾಗಾದರೆ ನನ್ನ ಲೆಟರಿನಲ್ಲಿರುವ "ಮುಂಚೆ ಬಿಟ್ಟರೆ ವೀಸಾ ಖರ್ಚು ಕಟ್ಟಬೇಕು" ಅನ್ನುವುದು?

ಚಾಕ್‌ಪೀಸ್
ಅದು ಕಾನೂನಿನ ಮುಂದೆ ನಿಲ್ಲುವುದು ಕಷ್ಟ. ಆದರೆ ನಿಮ್ಮ ಕೊನೇ ತಿಂಗಳ ಸಂಬಳ ಅವರ ಕೈಯಲ್ಲಿ ಇರುತ್ತದೆ, ನೀವು ದೇಶ ಬಿಡುವ ಆತುರದಲ್ಲಿ ಇರುತ್ತೀರಿ. ದೂರು ಕೊಟ್ಟು ಗೆಲ್ಲುವುದಕ್ಕಿಂತ ಮೊದಲೇ ಆ ಸಾಲು ತೆಗೆಸುವುದು ವಾಸಿ. ತೆಗೆಯುವುದಿಲ್ಲ ಅಂದರೆ ಗರಿಷ್ಠ ಎಷ್ಟು ಅಂತ ಒಂದು ಮೊತ್ತ ಹಾಕಿಸಿ. ಅಂಕಿ ಇಲ್ಲದ ದಂಡದ ಸಾಲಿಗೆ ಯಾವ ದೇಶದಲ್ಲೂ ಸಹಿ ಹಾಕಬೇಡಿ.

ಗಣಿತಮೇಷ್ಟ್ರು
ಪ್ರೊಬೇಷನ್‌ನಲ್ಲೇ ಬಿಡುವುದಕ್ಕೂ ನಿಯಮ ಇದೆ. ದೇಶ ಬಿಟ್ಟು ಹೋಗುವುದಾದರೆ 14 ದಿನದ ನೋಟಿಸ್. ಅಲ್ಲೇ ಬೇರೆ ಸ್ಕೂಲ್ ಸೇರುವುದಾದರೆ ಒಂದು ತಿಂಗಳು, ಹೊಸ ಮಾಲೀಕರು ಹಳಬರಿಗೆ ನೇಮಕಾತಿ ಖರ್ಚು ತುಂಬಿಕೊಡಬೇಕು, ಬೇರೆ ಒಪ್ಪಂದ ಇದ್ದರೆ ಬಿಟ್ಟು. ಪಕ್ಕದಮನೆಯವರು ಹೇಳಿದ "ಹಾರುವುದು" ಅಷ್ಟು ಸಲೀಸಲ್ಲ.

ಪಕ್ಕದಮನೆ
ನಾನು ಒಂದು ವರ್ಷ ಆದ ಮೇಲೆ ಅಂದಿದ್ದು, ಪ್ರೊಬೇಷನ್‌ನಲ್ಲಿ ಅಲ್ಲ. ಪೂರ್ತಿ ಓದಿ ಮೇಷ್ಟ್ರೇ.

ಅಂಚೆಚೀಟಿ
ಮನೆ ಭತ್ಯೆ ಕೊಡುತ್ತಿರುವುದು ನಿಮ್ಮ ಪುಣ್ಯ. ನನಗೆ (ದೇಶ ಬೇಡ, ಸ್ಕೂಲೂ ಬೇಡ) "ಫರ್ನಿಷ್ ಮಾಡಿದ ವಸತಿ ಕೊಡಲಾಗುವುದು" ಅಂತ ಕಾಂಟ್ರಾಕ್ಟ್‌ನಲ್ಲಿ ಇತ್ತು. ಮಧ್ಯರಾತ್ರಿ ಏರ್‌ಪೋರ್ಟಿನಿಂದ ಡ್ರೈವರ್ ಕರೆದುಕೊಂಡು ಹೋಗಿ ಬಾಗಿಲು ತೆಗೆದ. ಒಂದೇ ರೂಮು, ಎರಡು ಮಂಚ. ಒಂದರ ಮೇಲೆ ಕೆಮಿಸ್ಟ್ರಿ ಟೀಚರ್ ನಿದ್ದೆ ಮಾಡುತ್ತಿದ್ದರು, ಇನ್ನೊಂದರ ಮೇಲೆ ಅವರು ತಿದ್ದಬೇಕಿದ್ದ ನೋಟ್‌ಬುಕ್ ರಾಶಿ. ಕಪಾಟಿನಲ್ಲಿ ನನಗೆ ಅಂತ ಒಂದು ಅರೆ ಖಾಲಿ ಮಾಡಿಟ್ಟಿದ್ದರು, ಪಾಪ. ಅವರಿಗೂ ನಾನು ಬರುವ ವಿಷಯ ಅವತ್ತು ಸಂಜೆಯೇ ಗೊತ್ತಾಗಿದ್ದು.

ಎಚ್‌ಆರ್ ಹತ್ತಿರ ಕೇಳಿದರೆ "ಒಬ್ಬರಿಗೇ ಅಂತ ಎಲ್ಲೂ ಬರೆದಿಲ್ಲವಲ್ಲ" ಅಂದರು. ನಿಜ, ಬರೆದಿರಲಿಲ್ಲ. ವಸತಿ ಅಂತ ಇದ್ದರೆ ಒಬ್ಬರಿಗಾ, ಹಂಚಿಕೊಳ್ಳಬೇಕಾ, ಎಷ್ಟು ರೂಮು, ಕರೆಂಟು ನೀರಿನ ಬಿಲ್ ಯಾರದು, ಕೆಲಸ ಬಿಟ್ಟ ಮೇಲೆ ಎಷ್ಟು ದಿನ ಇರಬಹುದು ಅಂತ ಬರೆಸಿಕೊಳ್ಳಿ. ಈಗ ಯಾರು ಆ ಮನೆಯಲ್ಲಿ ಇದ್ದಾರೋ ಅವರ ಹತ್ತಿರ ಒಂದು ವಿಡಿಯೊ ಕಾಲ್ ಕೇಳಿ.

ಬೆಳಗಿನಬೆಲ್
ಕೆಮಿಸ್ಟ್ರಿ ಟೀಚರ್ ಈಗ ನಿಮ್ಮ ಫ್ರೆಂಡಾ? 😄

ಅಂಚೆಚೀಟಿ
ಈಗಲೂ ದಿನಾ ಮೆಸೇಜ್ ಮಾಡುತ್ತಾರೆ. ಗೊರಕೆ ಮಾತ್ರ ಕ್ಷಮಿಸಿಲ್ಲ.

ಮೂರನೇಗಂಟೆ
ಭತ್ಯೆ ಕೊಟ್ಟರೂ ಪುಣ್ಯ ಏನಿಲ್ಲ. ದುಬೈನಲ್ಲಿ ಬಾಡಿಗೆಯನ್ನು ವರ್ಷಕ್ಕೆ ಒಂದೋ ನಾಲ್ಕೋ ಚೆಕ್‌ನಲ್ಲಿ ಮುಂಗಡ ಕೇಳುವುದು ಹೆಚ್ಚು. ನಿಮ್ಮ ಭತ್ಯೆ ಬರುವುದು ತಿಂಗಳಿಗೊಮ್ಮೆ. ಹೋದ ಕೂಡಲೇ ಅಷ್ಟು ದುಡ್ಡು ಎಲ್ಲಿಂದ ತರುತ್ತೀರಿ? ಭತ್ಯೆಯನ್ನು ಮುಂಗಡ ಕೊಡುತ್ತಾರಾ, ಮೊದಲ ಕೆಲವು ವಾರ ಉಳಿಯಲು ಜಾಗ ಕೊಡುತ್ತಾರಾ, ಮೊದಲ ಸಂಬಳ ಯಾವ ತಾರೀಖು, ಇಷ್ಟನ್ನೂ ಕೇಳಿ.

ಸ್ಟಾಫ್‌ರೂಮ್
ಸಂಸಾರದ ವಿಷಯ. 2019ರಿಂದ ಯುಎಇಯಲ್ಲಿ ಹೆಂಗಸರು ಗಂಡಸರು ಅಂತ ಇಲ್ಲ, 4,000 ದಿರ್ಹಮ್ ಸಂಬಳ ಅಥವಾ 3,000 ಜೊತೆಗೆ ವಸತಿ ಇದ್ದರೆ ಸಂಸಾರವನ್ನು ಸ್ಪಾನ್ಸರ್ ಮಾಡಬಹುದು. ಆ ಲೆಕ್ಕದಲ್ಲಿ ನಿಮಗೆ ತೊಂದರೆ ಇಲ್ಲ. ಖರ್ಚು ಯಾರದು ಅನ್ನುವುದೇ ಪ್ರಶ್ನೆ. ನಿಮ್ಮ ಇನ್ಶೂರೆನ್ಸ್ ಕೊಡುವುದು ಸ್ಕೂಲಿನ ಹೊಣೆ, ಅದು ದುಬೈನಲ್ಲಿ ಕಡ್ಡಾಯ. ಗಂಡ, ಮಗಳದ್ದು ಸ್ಪಾನ್ಸರ್ ಮಾಡುವವರದ್ದು, ಅಂದರೆ ನಿಮ್ಮದು. ಸ್ಕೂಲ್ ಕೊಡುತ್ತೇನೆ ಅಂದರೆ ಬರೆಸಿಕೊಳ್ಳಿ.

ಮಗಳ ಫೀಸ್ ರಿಯಾಯಿತಿಯಲ್ಲಿ ಶೇಕಡಾ ಎಷ್ಟು ಅಂತ ಮಾತ್ರ ಕೇಳಿದರೆ ಸಾಲದು. ಸೀಟು ಖಾತ್ರಿನಾ? "ಸೀಟು ಖಾಲಿ ಇದ್ದರೆ" ಅಂತ ಬರೆದಿದ್ದರೆ ರಿಯಾಯಿತಿ ಇದ್ದೂ ಇಲ್ಲದ ಹಾಗೆ. ಪ್ರೊಬೇಷನ್ ಮುಗಿದ ಮೇಲೆ ಕೊಡುತ್ತಾರಾ, ಸೇರಿದ ದಿನದಿಂದಲಾ?

ಎಚ್‌ಆರ್‌ಕುರ್ಚಿ
ಸರ್ಟಿಫಿಕೇಟ್ ಅಟೆಸ್ಟೇಷನ್ ಈಗಲೇ ಶುರು ಮಾಡಿ. ಅಪೊಸ್ಟಿಲ್ ಅಂದರೆ ಒಪ್ಪಂದದಲ್ಲಿರುವ ದೇಶಗಳು ಪರಸ್ಪರ ಒಪ್ಪುವ ದೃಢೀಕರಣದ ಮುದ್ರೆ. ಯುಎಇ ಆ ಒಪ್ಪಂದದಲ್ಲಿ ಇಲ್ಲ, ಹಾಗಾಗಿ ರಾಯಭಾರ ಕಚೇರಿಯವರೆಗೂ ಹೋಗಬೇಕು. ಸೌದಿ 2022ರ ಡಿಸೆಂಬರ್‌ನಿಂದ ಅಪೊಸ್ಟಿಲ್ ಒಪ್ಪುತ್ತದೆ, ಅಲ್ಲಿಗೆ ಹೋಗುವವರಿಗೆ ಒಂದು ಮೆಟ್ಟಿಲು ಕಡಿಮೆ. ಈ ಖರ್ಚು ಯಾರದು ಅಂತಲೂ ನಿಮ್ಮ ಪಟ್ಟಿಗೆ ಸೇರಿಸಿ.

ಮೂಲ ಸರ್ಟಿಫಿಕೇಟ್ ತೋರಿಸಿ, ವಾಪಸ್ ತೆಗೆದುಕೊಳ್ಳಿ. ಪಾಸ್‌ಪೋರ್ಟೂ ಅಷ್ಟೇ. ವೀಸಾ ಕೆಲಸಕ್ಕೆ ನಾಲ್ಕು ದಿನ ಕೊಡಬೇಕಾಗಬಹುದು. "ಭದ್ರವಾಗಿ ಇಟ್ಟುಕೊಳ್ಳುತ್ತೇವೆ" ಅಂತ ಲಾಕರ್‌ನಲ್ಲಿ ಇಡುವುದು ಅಲ್ಲಿ ಕಾನೂನುಬಾಹಿರ.

ಹಾಗೇ, "ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಬನ್ನಿ, ಬಂದ ಮೇಲೆ ಬದಲಾಯಿಸೋಣ" ಅಂದರೆ ಕ್ಲಾಸಿಗೆ ಕಾಲಿಡಬೇಡಿ. ಆ ವೀಸಾದಲ್ಲಿ ಪಾಠ ಮಾಡಿದರೆ ತಪ್ಪು ನಿಮ್ಮ ತಲೆಗೂ ಬರುತ್ತದೆ.

ಪಕ್ಕದಮನೆ
ಇದನ್ನು ನಾನೂ ಒಪ್ಪುತ್ತೇನೆ. ವೀಸಾ ವಿಷಯದಲ್ಲಿ ರಾಜಿ ಬೇಡ.

ಬೆಳಗಿನಬೆಲ್
ಸ್ವಲ್ಪ ಬೇರೆ ಪ್ರಶ್ನೆ. ಅಲ್ಲಿ ಸಂಜೆ ಟ್ಯೂಷನ್ ಮಾಡಬಹುದಾ? ಫಿಸಿಕ್ಸ್‌ಗೆ ಒಳ್ಳೆ ಬೇಡಿಕೆ ಇರುತ್ತದೆ ಅಲ್ವಾ?

ಚಾಕ್‌ಪೀಸ್
2023ರ ಡಿಸೆಂಬರ್‌ನಲ್ಲಿ ಖಾಸಗಿ ಪಾಠಕ್ಕೆ ಅಂತಲೇ ಪರ್ಮಿಟ್ ತಂದರು. ಅದಿಲ್ಲದೆ ಮಾಡಬೇಡಿ. ಸ್ವಂತ ಸ್ಕೂಲಿನ ಮಕ್ಕಳಿಗೆ ಪಾಠ ಮಾಡಬಾರದು ಅಂತ ಎಷ್ಟೋ ಕಾಂಟ್ರಾಕ್ಟ್‌ಗಳಲ್ಲಿ ಬೇರೆಯೇ ಸಾಲು ಇರುತ್ತದೆ. ಹೊಸ ಸ್ಕೂಲಿನ ಮೊದಲ ವರ್ಷ ಟ್ಯೂಷನ್‌ಗೆ ಶಕ್ತಿ ಉಳಿದರೆ ತಾನೇ?

ನೀಲಿಶಾಯಿ
ಬೇರೆ ಸ್ಕೂಲಿಗೆ ಹೋಗಬಾರದು ಅನ್ನುವ ನಿರ್ಬಂಧ ಇದೆಯಾ ಅಂತಲೂ ನೋಡಿ. ಅಲ್ಲಿ ಅಂಥ ಸಾಲಿಗೆ 2 ವರ್ಷ ಮಿತಿ ಇದೆ, ಎಲ್ಲಿ, ಯಾವ ಕೆಲಸ ಅಂತ ಸ್ಪಷ್ಟವಾಗಿ ಬರೆದಿರಬೇಕು. (ಈ ಸಲ ದಿನಾಂಕ ನೋಡಿದ್ದೇನೆ ಚಾಕ್‌ಪೀಸ್ ಅವರೇ.)

ಫಿಸಿಕ್ಸ್‌ಟೀಚರ್
ಎಲ್ಲರಿಗೂ ಥ್ಯಾಂಕ್ಸ್. ಎಚ್‌ಆರ್‌ಕುರ್ಚಿಯವರು ಹೇಳಿದ ಹಾಗೆ ಒಂದೇ ಮೇಲ್‌ನಲ್ಲಿ ನಂಬರ್ ಹಾಕಿ ಕೇಳಿದೆ. ಇವತ್ತು ಉತ್ತರ ಬಂತು, ಗಡುವೂ ಮುಂದಿನ ವಾರಕ್ಕೆ ಹೋಯಿತು.

ಬೇಸಿಕ್ 7,200 ಮಾಡಿದ್ದಾರೆ. ಒಟ್ಟು ಮೊತ್ತ ಅದೇ. ಟಿಕೆಟ್ ವರ್ಷಕ್ಕೊಂದು, ಅವರೇ ಬುಕ್ ಮಾಡುತ್ತಾರೆ ಅಂತ ಕಾಂಟ್ರಾಕ್ಟ್‌ಗೆ ಸೇರಿಸುತ್ತಾರಂತೆ. ಬೇಸಿಗೆ ರಜೆಗೆ ಸಂಬಳ ಇದೆ. ಮಗಳಿಗೆ ಅರ್ಧ ಫೀಸ್, ಸೀಟು ಖಾತ್ರಿ ಇಲ್ಲ ಅಂದರು, ಆದರೆ ಈಗಲೇ ಅರ್ಜಿ ಹಾಕಿದರೆ ಕಾಯುವ ಪಟ್ಟಿಯಲ್ಲಿ ಸಿಬ್ಬಂದಿ ಮಕ್ಕಳಿಗೆ ಆದ್ಯತೆ. ಸಚಿವಾಲಯದ ಆಫರ್ ಎರಡು ವಾರದಲ್ಲಿ ಕಳಿಸುತ್ತಾರಂತೆ. ಟೈಮ್‌ಟೇಬಲ್ ಕೊಡಲಿಲ್ಲ, "ಗೋಪ್ಯ" ಅಂತೆ. 26 ಪೀರಿಯಡ್, 45 ನಿಮಿಷ ಅಂತ ಮಾತ್ರ ಬರೆದಿದ್ದಾರೆ. ವೀಸಾ ಖರ್ಚಿನ ಸಾಲು ತೆಗೆಯಲು ಒಪ್ಪುತ್ತಿಲ್ಲ, ಎಲ್ಲರ ಕಾಂಟ್ರಾಕ್ಟ್‌ನಲ್ಲೂ ಇದೆಯಂತೆ.

ಮೂರನೇಗಂಟೆ
ಟೈಮ್‌ಟೇಬಲ್ ಏನು ಗೋಪ್ಯ, ಅದನ್ನು ಸ್ಟಾಫ್‌ರೂಮ್ ಗೋಡೆಗೆ ಅಂಟಿಸಿರುತ್ತಾರೆ! ಇರಲಿ, 26 ಅಂದರೆ 19 ಗಂಟೆ 30 ನಿಮಿಷ, ಮಾಡಬಹುದಾದ ಲೆಕ್ಕವೇ. ಅಲ್ಲಿ ಕೆಲಸ ಮಾಡುವ ಒಬ್ಬ ಟೀಚರ್ ಹತ್ತಿರ ಮಾತಾಡಿಸಿ ಅಂತ ಕೇಳಿ. ಎಚ್‌ಆರ್ ಕೊಟ್ಟ ಹೆಸರು ಸಾಲದು, ನೀವೇ ಒಬ್ಬರನ್ನು ಹುಡುಕಿಕೊಳ್ಳಿ.

ಗಣಿತಮೇಷ್ಟ್ರು
ಎಲ್ಲರ ಕಾಂಟ್ರಾಕ್ಟ್‌ನಲ್ಲೂ ಇದ್ದರೆ ಮೊತ್ತವೂ ಅವರಿಗೆ ಗೊತ್ತಿರಬೇಕು. ಗರಿಷ್ಠ ಇಷ್ಟು, ತಿಂಗಳು ಕಳೆದ ಹಾಗೆ ಕಡಿಮೆಯಾಗುತ್ತಾ ಹೋಗುತ್ತದೆ ಅಂತ ಬರೆಸಿ. ಅಷ್ಟಾದರೆ ನಾನಾಗಿದ್ದರೆ ಸಹಿ ಹಾಕುತ್ತಿದ್ದೆ.

ಮರುಭೂಮಿಹಕ್ಕಿ
ಸಚಿವಾಲಯದ ಆಫರ್ ಬಂದಾಗ ಬೇಸಿಕ್ 7,200 ಇದೆಯಾ, ಹುದ್ದೆ ಫಿಸಿಕ್ಸ್ ಟೀಚರ್ ಅಂತಲೇ ಇದೆಯಾ ನೋಡಿ. ಆಮೇಲೆ ರಾಜೀನಾಮೆ.

ಹೊಸಬ
ಇದೇ ಜಾಗದಲ್ಲಿ ಕೇಳುತ್ತೇನೆ, ಬೇಸರ ಮಾಡಬೇಡಿ. ನಾನು ಚೀನಾದಲ್ಲಿ ಇದ್ದೇನೆ. ಜೂನ್‌ಗೆ ಕಾಂಟ್ರಾಕ್ಟ್ ಮುಗಿಯುತ್ತದೆ, ಬೇರೆ ಸ್ಕೂಲ್ ಒಪ್ಪಿದೆ. ಹಳೇ ಸ್ಕೂಲಿನವರು ರಿಲೀಸ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಅನ್ನುವ ಪತ್ರ) ಆಮೇಲೆ ನೋಡೋಣ ಅನ್ನುತ್ತಿದ್ದಾರೆ.

ಸ್ಟಾಫ್‌ರೂಮ್
ಆಮೇಲೆ ಅನ್ನುವುದಕ್ಕೆ ಬಿಡಬೇಡಿ. ರಿಲೀಸ್ ಲೆಟರ್ ಮತ್ತು ಹಳೇ ವರ್ಕ್ ಪರ್ಮಿಟ್ ರದ್ದಾದ ಪತ್ರ ಎರಡೂ ಇಲ್ಲದೆ ಹೊಸ ಸ್ಕೂಲ್ ವರ್ಗಾವಣೆ ಮಾಡಿಸುವುದು ಕಷ್ಟ. ಕಾಂಟ್ರಾಕ್ಟ್ ಮುಗಿಯುವ ದಿನ ಮತ್ತು ನಿಮ್ಮ ರೆಸಿಡೆನ್ಸ್ ಪರ್ಮಿಟ್ ಮುಗಿಯುವ ದಿನ ಎರಡೂ ಹೇಳಿ, ಆಮೇಲೆ ಮಾತಾಡೋಣ. ಹೊಸ ಎಳೆ ಶುರು ಮಾಡಿ, ಇಲ್ಲಿ ಕಳೆದುಹೋಗುತ್ತದೆ.